ಕಲ್ಲು ನೆಟ್ಟ ಹೊಲ: ದಾವಣಗೆರೆಯ ಅಂಚಿನಲ್ಲಿ ಗದ್ದೆ ಬಡಾವಣೆ ಆಗುವ ಬಗೆ

ದಾವಣಗೆರೆಯಿಂದ ಯಾವ ರಸ್ತೆ ಹಿಡಿದು ಹೊರಟರೂ ಒಂದು ನೋಟ ತಪ್ಪುವುದಿಲ್ಲ. ಹದಡಿ ರಸ್ತೆ ಇರಲಿ, ಶಾಮನೂರು ರಸ್ತೆ ಇರಲಿ, ಹರಿಹರದ ಕಡೆಯ ಹಳೇ ಪಿ.ಬಿ. ರಸ್ತೆ ಇರಲಿ. ಮನೆಗಳ ಸಾಲು ಮುಗಿದಿರುತ್ತದೆ, ಗದ್ದೆ ಇನ್ನೂ ಶುರುವಾಗಿರುವುದಿಲ್ಲ. ನಡುವೆ ಒಂದಷ್ಟು ಜಾಗ. ಮೊಣಕಾಲೆತ್ತರದ ಕಲ್ಲುಗಳು, ಅವಕ್ಕೆ ಬಿಳಿ ಸುಣ್ಣ, ಮೇಲೆ ಕೆಂಪು ಬಣ್ಣದಲ್ಲಿ ನಂಬರ್. ಪಾರ್ಥೇನಿಯಂ ಸೊಂಟದವರೆಗೆ ಬೆಳೆದಿರುತ್ತದೆ. ಅದು ಬೆಳೆಯದ ಕಡೆ ಎರಡು ಎಮ್ಮೆ ಮೇಯುತ್ತಿರುತ್ತವೆ. ಡಾಂಬರು ರಸ್ತೆ ಇದೆ, ಓಡಾಡುವವರಿಲ್ಲ. ಲೈಟ್ ಕಂಬ ಇದೆ, ಬಲ್ಬ್ ಇಲ್ಲ. ಕಮಾನಿನ ಮೇಲೆ ಬಡಾವಣೆಯ ಹೆಸರು ಇದೆ. ಅದು ದೇವರದ್ದು, ಇಲ್ಲವೇ ಮಾಲೀಕರ ತಾಯಿಯದ್ದು.

ಇದು ಹೊಲವೂ ಅಲ್ಲ, ಊರೂ ಅಲ್ಲ. ಊರು ಬೆಳೆದ ಕಥೆ ಹೇಳುವವರು ಸಾಮಾನ್ಯವಾಗಿ "ಮೊದಲು ಇಲ್ಲೆಲ್ಲ ಗದ್ದೆ ಇತ್ತು, ಈಗ ನೋಡಿ" ಅಂದು ಮುಗಿಸಿಬಿಡುತ್ತಾರೆ. ನನಗೆ ಕುತೂಹಲ ಇರುವುದು ಆ 'ಮೊದಲು' ಮತ್ತು 'ಈಗ'ಗಳ ನಡುವಿನ ಹತ್ತಿಪ್ಪತ್ತು ವರ್ಷದ ಬಗ್ಗೆ. ಯಾರಿಗೆ ಲಾಭ, ಯಾರಿಗೆ ತಲೆನೋವು, ಮಳೆ ನೀರು ಎಲ್ಲಿ ನಿಲ್ಲುತ್ತದೆ, ಬಸ್ಸು ಎಲ್ಲಿಯವರೆಗೆ ಬರುತ್ತದೆ ಅನ್ನುವುದೆಲ್ಲ ತೀರ್ಮಾನವಾಗುವುದು ಆಗಲೇ. ನಾನೂ ಇಂಥದ್ದೇ ಒಂದು ಬಡಾವಣೆಯಲ್ಲಿ ಮನೆ ಕಟ್ಟಿಕೊಂಡವನು. ಹಾಗಾಗಿ ಇದರಲ್ಲಿ ಸ್ವಲ್ಪ ನನ್ನ ಕಥೆಯೂ ಸೇರಿಕೊಂಡಿದೆ.

ಮೊದಲು ಒಂದು ಹಳೇ ವಿಷಯ. ದಾವಣಗೆರೆಯೇ ಒಂದು ಕಾಲಕ್ಕೆ ಇನ್ನೊಂದು ಊರಿನ ಹೊರವಲಯ. ಆಗ ದೊಡ್ಡ ಊರು ಬೇತೂರು. ಅದರ ಮಗ್ಗುಲಲ್ಲಿದ್ದ, ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಸಣ್ಣ ಹಳ್ಳಿ ದಾವಣಗೆರೆ. ಹಳೇ ಮೈಸೂರು ಗೆಜೆಟಿಯರ್ ಹೇಳುವುದು ಇದನ್ನೇ. 18ನೇ ಶತಮಾನದಲ್ಲಿ ಹೈದರಾಲಿ ಇದನ್ನು ಅಪೋಜಿ ರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವ್ಯಾಪಾರಿಗಳನ್ನು ಕರೆದು ಕೂರಿಸಿದ. ಪೇಟೆ ಬೆಳೆಯಿತು. ಇವತ್ತು ದಾವಣಗೆರೆಯಲ್ಲಿ ಬೇತೂರು ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಬೇತೂರು ರಸ್ತೆ, ಅಷ್ಟೇ. ಊರುಗಳ ನಡುವೆ ಯಾರು ನಡು, ಯಾರು ಅಂಚು ಅನ್ನುವುದು ಹೀಗೆ ಅದಲು ಬದಲಾಗುತ್ತದೆ. ಮುನ್ನೂರು ವರ್ಷ ಕೂಡ ಬೇಕಾಗಲಿಲ್ಲ.

ಆಮೇಲೆ ರೈಲು ಬಂತು. ಸುತ್ತ ಬೆಳೆಯುತ್ತಿದ್ದ ಹತ್ತಿಗೆ ದಾರಿ ಸಿಕ್ಕಿತು. 20ನೇ ಶತಮಾನದಲ್ಲಿ ಹತ್ತಿ ಗಿರಣಿಗಳು ಎದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರೂ ಬಂತು. ಆದರೆ ಗಿರಣಿ ಕಾಲದ ಊರು ಹರಡಿಕೊಂಡ ಊರಲ್ಲ. ಕಾರ್ಮಿಕರು ನಡೆದು ಹೋಗುವಷ್ಟು ದೂರದಲ್ಲೇ ಇರುತ್ತಿದ್ದರು. ಸೈರನ್ ಕೇಳಿಸಬೇಕಲ್ಲ! ಮಂಡಿಪೇಟೆ, ಚಾಮರಾಜಪೇಟೆ, ಹಳೇ ದಾವಣಗೆರೆ ಇವೆಲ್ಲ ಒತ್ತೊತ್ತಾಗಿ ಇರುವುದನ್ನು ನೋಡಿದರೆ ಇದು ಗೊತ್ತಾಗುತ್ತದೆ. ಊರು ಹರಡಿದ್ದು ಬೇರೆ ಕಾರಣಕ್ಕೆ, ಬೇರೆ ದುಡ್ಡಿನಿಂದ.

ಆ ದುಡ್ಡಿನ ಮೂಲ ನೀರು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು 1960ರ ದಶಕದಲ್ಲಿ ಪೂರ್ತಿಯಾಯಿತು. ಬಲದಂಡೆ ಕಾಲುವೆ ದಾವಣಗೆರೆ, ಹರಿಹರದ ಕಡೆಗೆ ನೀರು ತಂದಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಬಯಲುಸೀಮೆಯ ಹೊಲ ಭತ್ತದ ಗದ್ದೆಯಾಯಿತು. ಡ್ಯಾಂ ತುಂಬಿದ ವರ್ಷ ಎರಡು ಬೆಳೆ. ನಮ್ಮ ಕಡೆ ಮಳೆಗಾಲದಲ್ಲಿ ಜನ ಹವಾಮಾನಕ್ಕಿಂತ ಜಾಸ್ತಿ ಕೇಳುವುದು "ಡ್ಯಾಂ ಎಷ್ಟು ಅಡಿ ಆಯ್ತು?" ಅಂತ. 186 ಅಡಿ ಅಂದರೆ ತುಂಬಿತು. ಬೆಂಗಳೂರಿನಿಂದ ಬಂದ ನೆಂಟರಿಗೆ ಈ ಅಡಿ ಲೆಕ್ಕ ಅರ್ಥವಾಗುವುದಿಲ್ಲ. ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು.

ನೀರಾವರಿ ಬಂದರೆ ಜಮೀನು ಉಳಿಯಬೇಕು ಅಲ್ವಾ? ಒಂದು ಕಡೆ ಅದೇ ಆಯಿತು. ಇನ್ನೊಂದು ಕಡೆ ತದ್ವಿರುದ್ಧ. ಭತ್ತ ಕೊಟ್ಟ ದುಡ್ಡಿನಲ್ಲಿ ಹಳ್ಳಿಯ ಮನೆಗಳು ಮಕ್ಕಳನ್ನು ಓದಿಸಲು ಹೊರಟವು. ಓದು ಇದ್ದದ್ದು ದಾವಣಗೆರೆಯಲ್ಲಿ. ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು 1951ರಲ್ಲೇ ಇತ್ತು. 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು, 1979ರಲ್ಲಿ ಶಾಮನೂರು ರಸ್ತೆಯಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು. ಇವುಗಳ ಬೆನ್ನಿಗೇ ಹಾಸ್ಟೆಲ್, ಸ್ಕೂಲು, ನರ್ಸಿಂಗ್ ಹೋಂ. ಹಳ್ಳಿಯ ರೈತ ಮಗಳನ್ನು ಹಾಸ್ಟೆಲ್‌ಗೆ ಬಿಡುವ ಬದಲು "ಒಂದು ಸೈಟು ತಗಂಡು ಮನೆ ಕಟ್ಟಿಬಿಡಾಣ" ಅಂದುಕೊಂಡ. ಅಂದರೆ ದೂರದ ಗದ್ದೆಯ ದುಡ್ಡು ಹತ್ತಿರದ ಗದ್ದೆಯನ್ನು ಕೊಂಡಿತು. ದಾವಣಗೆರೆ ಹರಡಿದ ಗುಟ್ಟಿನ ಅರ್ಧ ಭಾಗ ಇಷ್ಟೇ ಅನ್ನುವುದು ನನ್ನ ಲೆಕ್ಕ. ಬೆಂಗಳೂರಿನ ಅಂಚನ್ನು ನುಂಗಿದ್ದು ಸಾಫ್ಟ್‌ವೇರ್. ನಮ್ಮ ಅಂಚನ್ನು ನುಂಗಿದ್ದು ಹೆಚ್ಚಾಗಿ ಭತ್ತ ಮತ್ತು ಫೀಸು.

ಹತ್ತಿರದ ಗದ್ದೆಯವನು ಯಾಕೆ ಮಾರಿದ? ಇಲ್ಲಿ ಕಾನೂನು ಬರುತ್ತದೆ. 1974ರ ಭೂ ಸುಧಾರಣೆ ತಿದ್ದುಪಡಿಯಿಂದ ಗೇಣಿದಾರರು ತಾವು ಉಳುತ್ತಿದ್ದ ಜಮೀನಿಗೆ ಒಡೆಯರಾದರು. ಊರಿನ ಸುತ್ತ ದೊಡ್ಡ ಹಿಡುವಳಿಗಳು ಒಡೆದು ಎರಡೆಕರೆ, ಮೂರೆಕರೆಯ ಮಾಲೀಕರು ಬಂದರು. ಹೀಗೆ ಸಿಕ್ಕ ಜಮೀನನ್ನು 15 ವರ್ಷ ಮಾರುವಂತಿರಲಿಲ್ಲ. ಆ ಅವಧಿ ಒಬ್ಬೊಬ್ಬರಿಗೆ ಮುಗಿಯುತ್ತಾ ಬಂದದ್ದು ಸುಮಾರಾಗಿ 1990ರ ದಶಕದಲ್ಲಿ. ಅಷ್ಟರಲ್ಲಿ ಅಪ್ಪನ ಮೂರೆಕರೆ ನಾಲ್ಕು ಮಕ್ಕಳಿಗೆ ಪಾಲಾಗಬೇಕಿತ್ತು. ಮೂವತ್ತು ಗುಂಟೆಯಲ್ಲಿ ಸಂಸಾರ ನಡೆಯುವುದಿಲ್ಲ. ಅದೇ ಹೊತ್ತಿಗೆ, 1997ರ ಆಗಸ್ಟ್ 15ರಂದು, ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆಯಾಯಿತು. ಜಿಲ್ಲಾಧಿಕಾರಿ ಕಚೇರಿ ಹರಿಹರದ ಕಡೆಯ ರಸ್ತೆಯಲ್ಲಿ ಎದ್ದಿತು. ಜಿಲ್ಲೆ ಆಯಿತು ಅಂದರೆ ನೌಕರರು, ವಕೀಲರು, ಬ್ಯಾಂಕುಗಳು, ಬಾಡಿಗೆ ಮನೆ ಹುಡುಕುವವರು. ಮಾರುವವನಿಗೆ ಕಾರಣ ಇತ್ತು, ಕೊಳ್ಳುವವನಿಗೂ ಇತ್ತು. 2007ರಲ್ಲಿ ನಗರಸಭೆ ಮಹಾನಗರ ಪಾಲಿಕೆಯಾಯಿತು. 2011ರ ಜನಗಣತಿ ಹೊತ್ತಿಗೆ ಊರಿನ ಜನ 4.3 ಲಕ್ಷ ದಾಟಿದ್ದರು. ನಿಟುವಳ್ಳಿ, ಶಾಮನೂರು, ಆವರಗೆರೆ, ಕುಂದವಾಡ ಇವೆಲ್ಲ ಹಳ್ಳಿಗಳಾಗಿದ್ದವು ಅಂದರೆ ಈಗಿನ ಹುಡುಗರು ನಂಬುವುದಿಲ್ಲ.

(ಚಿತ್ರದುರ್ಗದ ಲೆಕ್ಕ ಬೇರೆ. ಅಲ್ಲಿ ಒಂದು ದಿಕ್ಕಿಗೆ ಕೋಟೆ, ಬೆಟ್ಟ, ಜೋಗಿಮಟ್ಟಿ ಕಾಡು ಅಡ್ಡ. ಊರು ಬೆಳೆಯಲು ಉಳಿದ ದಿಕ್ಕುಗಳೇ ಗತಿ. ನಮಗೆ ನಾಲ್ಕೂ ಕಡೆ ಬಯಲು. ತಡೆಯುವವರಿಲ್ಲ.)

ಈಗ ಕಾಗದದ ಕಡೆ ಬರೋಣ. ಗದ್ದೆ ಮೊದಲು ಸಾಯುವುದು ಕಾಗದದಲ್ಲಿ.

ಒಂದು ಜಮೀನಿಗೆ ಸರ್ವೆ ನಂಬರ್ ಇರುತ್ತದೆ. ಅದರ ಪಹಣಿಯಲ್ಲಿ ಎಷ್ಟು ಎಕರೆ, ಎಷ್ಟು ಗುಂಟೆ, ಯಾರ ಹೆಸರು, ಏನು ಬೆಳೆ ಅಂತ ಇರುತ್ತದೆ. ಪಹಣಿ ಇರುವವರೆಗೆ ಅದು ಕೃಷಿ ಜಮೀನು. ಅಲ್ಲಿ ಮನೆ ಕಟ್ಟಬೇಕಾದರೆ ಭೂ ಪರಿವರ್ತನೆ ಆಗಬೇಕು, ಬಹುಕಾಲ ಅದಕ್ಕೆ ಜಿಲ್ಲಾಧಿಕಾರಿಯ ಅನುಮತಿ ಬೇಕಿತ್ತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಹೇಳುವುದು ಇದನ್ನೇ. ಜನರ ಬಾಯಲ್ಲಿ ಇದು 'ಅಲಿನೇಷನ್' ಅಥವಾ 'ಡಿಸಿ ಕನ್ವರ್ಶನ್'. ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ. ಊರಿನ ಮಾಸ್ಟರ್ ಪ್ಲಾನ್‌ನಲ್ಲಿ ಆ ಜಾಗಕ್ಕೆ ಯಾವ ಬಣ್ಣ ಬಳಿದಿದ್ದಾರೆ? ಹಳದಿ ಆದರೆ ವಾಸಕ್ಕೆ, ಹಸಿರು ಆದರೆ ಬೇಸಾಯಕ್ಕೆ. ನಮ್ಮಲ್ಲಿ ಈ ನಕ್ಷೆ ಮಾಡುವುದು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ದೂಡಾ. ಹೆಸರಲ್ಲೇ ಎರಡು ಊರು ಸೇರಿಕೊಂಡಿರುವುದನ್ನು ಗಮನಿಸಿ. ಸುಮಾರು 14 ಕಿಲೋಮೀಟರ್ ದೂರದ ಎರಡು ಊರುಗಳನ್ನು ಸರ್ಕಾರ ಯಾವತ್ತೋ ಒಂದೇ ಅಂತ ಲೆಕ್ಕ ಹಾಕಿಬಿಟ್ಟಿದೆ. ನಡುವಿನ ಬಾತಿ ಮಾತ್ರ ಇನ್ನೂ ತಾನು ಬೇರೆ ಊರು ಅಂದುಕೊಂಡಿದೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿದರೆ ಎಲ್ಲ ತಿಳಿಯಾಗುತ್ತದೆ. ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆ 1,089 ಚದರ ಅಡಿ. ಅಂದರೆ ಎಕರೆಗೆ 43,560 ಚದರ ಅಡಿ. ಮೂವತ್ತು-ನಲವತ್ತರ ಒಂದು ಸೈಟು 1,200 ಚದರ ಅಡಿ, ಗುಂಟೆಗಿಂತ ಸ್ವಲ್ಪ ಜಾಸ್ತಿ. ಸುಮ್ನೆ ಭಾಗಿಸಿದರೆ ಎಕರೆಗೆ 36 ಸೈಟು ಬರಬೇಕು. ಆದರೆ ಬರುವುದಿಲ್ಲ. ರಸ್ತೆ ಬಿಡಬೇಕು, ಪಾರ್ಕ್ ಬಿಡಬೇಕು, ಸ್ಕೂಲು, ನೀರಿನ ಟ್ಯಾಂಕ್ ಇಂಥವಕ್ಕೆ ಸಿಎ ಜಾಗ, ಅಂದರೆ ನಾಗರಿಕ ಸೌಕರ್ಯದ ಜಾಗ ಬಿಡಬೇಕು. ಇವನ್ನೆಲ್ಲ ಪುಕ್ಕಟೆಯಾಗಿ ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕು. ಸೈಟಿಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ನೂರಕ್ಕೆ 55 ಪಾಲು ಉಳಿಯಿತು ಅಂತ ಇಟ್ಟುಕೊಳ್ಳಿ. ಎಕರೆಗೆ 20 ಸೈಟು. ಜೊತೆಗೆ ಚರಂಡಿ, ಒಳಚರಂಡಿ, ಕರೆಂಟು, ನೀರಿನ ಪೈಪಿನ ಖರ್ಚು ಬಡಾವಣೆ ಮಾಡುವವನದ್ದೇ. ಕೆಲಸ ಆದ ಹಾಗೆ ಹಂತ ಹಂತವಾಗಿ ಸೈಟು ಬಿಡುಗಡೆ ಮಾಡುತ್ತಾರೆ.

ಈ 36ಕ್ಕೂ 20ಕ್ಕೂ ನಡುವಿನ 16 ಸೈಟು ಇದೆಯಲ್ಲ, ಹೊರವಲಯದ ಎಲ್ಲ ಗೋಳೂ ಅಲ್ಲೇ ಇರುವುದು. ನಿಯಮ ಪಾಲಿಸಿದರೆ 20. ಪಾಲಿಸದಿದ್ದರೆ 28, 30. ಇದೇ 'ರೆವಿನ್ಯೂ ಸೈಟು'. ಪರಿವರ್ತನೆ ಮಾಡಿಸದೆ, ನಕ್ಷೆಗೆ ಒಪ್ಪಿಗೆ ಪಡೆಯದೆ, ಹೊಲವನ್ನು ತುಂಡು ಮಾಡಿ ಗುಂಟೆ ಲೆಕ್ಕದಲ್ಲಿ ಮಾರುವುದು. ರಸ್ತೆ ಇಪ್ಪತ್ತು ಅಡಿ, ಕೆಲವು ಕಡೆ ಹದಿನೈದು. ಪಾರ್ಕ್ ಇಲ್ಲ. ಬೆಲೆ ಮಾತ್ರ ಕಡಿಮೆ. ಆದ್ದರಿಂದ ಕೊಳ್ಳುವವರೂ ಬಡವರೇ: ಹಮಾಲಿ ಮಾಡುವವರು, ಆಟೋ ಓಡಿಸುವವರು, ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಇವರನ್ನು ಬೈಯುವುದು ಸುಲಭ. ಆದರೆ ಒಪ್ಪಿಗೆ ಪಡೆದ ಬಡಾವಣೆಯ ಬೆಲೆಗೆ ಇವರ ಕೈ ಎಟುಕುವುದಿಲ್ಲ. ಹಳ್ಳಿ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ಫಾರಂ 9, ಫಾರಂ 11 ಸಿಕ್ಕರೆ ಬ್ಯಾಂಕ್ ಸಾಲ ಸಿಗುತ್ತದೆ. ಸಿಗದಿದ್ದರೆ ಕೈಸಾಲ. 2025ರಲ್ಲಿ ನಗರಗಳಲ್ಲಿ ಇಂಥ ಒಪ್ಪಿಗೆ ಇಲ್ಲದ ಆಸ್ತಿಗೆ ಬಿ ಖಾತಾ ಕೊಡುವ ಅಭಿಯಾನ ನಡೆದಾಗ ಪಾಲಿಕೆಯ ಮುಂದೆ ಕಾಗದ ಹಿಡಿದು ನಿಂತವರಲ್ಲಿ ಇಂಥವರೇ ಜಾಸ್ತಿ.

ಕಾಗದದ ಇನ್ನೆರಡು ಗಂಟುಗಳನ್ನು ಹೇಳಿಬಿಡುತ್ತೇನೆ, ಸೈಟು ಕೊಳ್ಳುವವರಿಗೆ ಬೇಕಾಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದ್ದರೆ ಜಮೀನು ಮೂಲ ಮಂಜೂರುದಾರರಿಗೆ ವಾಪಸು ಹೋಗಬಹುದು. ಇನ್ನೊಂದು ಹೆಣ್ಣುಮಕ್ಕಳ ಪಾಲು. ಕರ್ನಾಟಕದಲ್ಲಿ 1994ರಲ್ಲೇ, ದೇಶದಲ್ಲಿ 2005ರಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬಂತು. ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ ಮಾರಿದ ಜಮೀನಿನಲ್ಲಿ ಬಡಾವಣೆ ಎದ್ದಮೇಲೆ ಅಕ್ಕ ಕೋರ್ಟಿಗೆ ಹೋಗುವ ಕಥೆ ನಮ್ಮೂರಲ್ಲಿ ಹೊಸದಲ್ಲ. ಅಕ್ಕನದ್ದು ತಪ್ಪು ಅಂತ ನನಗೆ ಯಾವತ್ತೂ ಅನಿಸಿಲ್ಲ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ರೈತರಲ್ಲದವರೂ ನೇರವಾಗಿ ಹೊಲ ಕೊಳ್ಳಬಹುದು. ಹೊಲ ಈಗ ಸೈಟಾಗುವ ಮೊದಲೇ ಊರಿನವರ ಕೈಗೆ ಹೋಗಬಹುದು. ಪಹಣಿಯಲ್ಲಿ ಬೆಳೆ ಮೆಕ್ಕೆಜೋಳ ಅಂತ ಇದ್ದರೂ, ಮಾಲೀಕರು ಅದನ್ನು ನೋಡುವುದು ಬೇರೆ ಕಣ್ಣಿಂದ.

ಕಲ್ಲು ನೆಟ್ಟಾಯಿತು. ಇನ್ನು ಆ ನಡುವಿನ ವರ್ಷಗಳು. ಬಡಾವಣೆಯ ಸೈಟುಗಳೆಲ್ಲ ಆರು ತಿಂಗಳಲ್ಲಿ ಮಾರಾಟ ಆಗಬಹುದು, ಮನೆಗಳು ಮಾತ್ರ ಏಳುವುದಿಲ್ಲ. ಕೊಂಡವರಲ್ಲಿ ಅರ್ಧದಷ್ಟು ಜನ ಮನೆಗಾಗಿ ಕೊಂಡಿರುವುದೇ ಇಲ್ಲ. ಮಗಳ ಮದುವೆಗೆ ಇರಲಿ ಅಂತ ಕೊಂಡವರು, ಎರಡು ವರ್ಷಕ್ಕೆ ಮಾರುವ ಲೆಕ್ಕದವರು, ಅಡಿಕೆ ದುಡ್ಡು ಎಲ್ಲಿಡುವುದು ಅಂತ ತಿಳಿಯದವರು. ನಾನು ಮನೆ ಕಟ್ಟಿದಾಗ ನಮ್ಮ ಬಡಾವಣೆಯಲ್ಲಿ ನನ್ನದು ಐದನೇ ಮನೆ. ಬೋರ್ಡಿನಲ್ಲಿ ಪಾರ್ಕ್, ಓವರ್‌ಹೆಡ್ ಟ್ಯಾಂಕ್, ಜಾಗಿಂಗ್ ಟ್ರ್ಯಾಕ್ ಎಲ್ಲ ಇತ್ತು. ಬಡಾವಣೆ ಮಾಡಿದವರು ಕೊನೆಯ ಸೈಟು ಮಾರಿದ ಮೇಲೆ ಫೋನ್ ಎತ್ತುವುದನ್ನು ನಿಲ್ಲಿಸಿದರು. ಪಾಲಿಕೆಗೆ ಹೋದರೆ "ಬಡಾವಣೆ ನಮಗೆ ಹಸ್ತಾಂತರ ಆಗಿಲ್ಲ" ಅಂದರು. ಈ ಒಂದು ಮಾತಿನ ಅರ್ಥ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಹಸ್ತಾಂತರ ಆಗುವವರೆಗೆ ಬೀದಿದೀಪ, ಕಸದ ಗಾಡಿ, ನಲ್ಲಿ ನೀರು ಯಾರ ಜವಾಬ್ದಾರಿಯೂ ಅಲ್ಲ. ಹಸ್ತಾಂತರ ಆಗಬೇಕಾದರೆ ಕೆಲಸ ಮುಗಿದಿರಬೇಕು. ಕೆಲಸ ಮುಗಿಸಬೇಕಾದವರು ಫೋನ್ ಎತ್ತುವುದಿಲ್ಲ. ನೀವು ಸೈಟು ಕೊಳ್ಳುವಾಗ ದಿಕ್ಕು, ವಾಸ್ತು, ಕಾರ್ನರ್ ಎಲ್ಲ ಕೇಳುತ್ತೀರಿ. ಬಡಾವಣೆ ಹಸ್ತಾಂತರ ಆಗಿದೆಯಾ ಅಂತ ಮೊದಲು ಕೇಳಿ.

ಬೋರು ಕೊರೆಸಿದೆವು. ನೀರು ಬಂತು. ಪಕ್ಕದಲ್ಲಿ ಇನ್ನೂ ಗದ್ದೆ ಇದ್ದದ್ದರಿಂದ ಬಂತು ಅಂತ ಆಮೇಲೆ ಗೊತ್ತಾಯಿತು. ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಲ್ಲುವ ನೀರು ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಯುತ್ತದೆ. ಗದ್ದೆ ಕಾಂಕ್ರೀಟ್ ಆದಂತೆ ಬೋರು ಸೊರಗುತ್ತದೆ.

ನೀರಿನ ವಿಷಯ ಇನ್ನೂ ಇದೆ, ಯಾಕೆಂದರೆ ಕಾಲುವೆ ನೀರುಣ್ಣುವ ಅಚ್ಚುಕಟ್ಟಿನ ನೆಲ ಬೇರೆ ನೆಲದ ಹಾಗಲ್ಲ. ದೊಡ್ಡ ಕಾಲುವೆಯಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ, ಹೊಲಗಾಲುವೆಯಿಂದ ಒಂದು ಮಡಿಗೆ, ಅಂದರೆ ಬದು ಕಟ್ಟಿದ ಗದ್ದೆಯ ತುಂಡಿಗೆ, ಆ ಮಡಿಯ ಬದು ಒಡೆದು ಕೆಳಗಿನ ಮಡಿಗೆ. ಹೀಗೆ ನೀರು ಇಳಿಜಾರು ಹಿಡಿದು ಹೋಗುತ್ತದೆ. ಹೆಚ್ಚಾದ ನೀರು ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ. ಐವತ್ತು ವರ್ಷದಲ್ಲಿ ರೈತರು ಇಂಚು ಇಂಚಾಗಿ ಹದ ಮಾಡಿದ ಏರ್ಪಾಡು ಇದು. ನಡುವಿನ ಒಬ್ಬ ಮೂರೆಕರೆ ಮಾರಿ, ಅಲ್ಲಿ ಮಣ್ಣು ಹೊಡೆದು ನಾಲ್ಕು ಅಡಿ ಎತ್ತರಿಸಿದರು ಅಂತ ಇಟ್ಟುಕೊಳ್ಳಿ. ಕೆಳಗಿನವನಿಗೆ ಬೇಸಿಗೆಯಲ್ಲಿ ನೀರು ಬರುವುದಿಲ್ಲ. ಮೇಲಿನವನಿಗೆ ಮಳೆಗಾಲದಲ್ಲಿ ನೀರು ಹೋಗುವುದಿಲ್ಲ. ಕಾಲುವೆಯ ಕೊನೇ ಭಾಗದ ರೈತರಿಗೆ ಮೊದಲೇ ನೀರು ತಲುಪುವುದು ಕಷ್ಟ. ಎರಡು ವರ್ಷ ನೋಡಿ ಅವರೂ ಮಾರುತ್ತಾರೆ. ಹಾಗಾಗಿ ಬಡಾವಣೆ ಹಬ್ಬುವುದು ಬರೀ ಬೆಲೆಯ ಆಸೆಯಿಂದ ಅನ್ನುವುದು ಪೂರ್ತಿ ನಿಜವಲ್ಲ. ಪಕ್ಕದ ಹೊಲ ಹೋದಮೇಲೆ ನಮ್ಮ ಹೊಲ ಹೊಲವಾಗಿ ಉಳಿಯುವುದು ಕಷ್ಟ. ಟ್ರ್ಯಾಕ್ಟರ್ ಹೋಗಲು ದಾರಿ ಇರುವುದಿಲ್ಲ, ಕಟಾವಿನ ಮಷಿನ್ ತಿರುಗುವುದಿಲ್ಲ, ನಾಟಿಗೆ ಆಳು ಸಿಗುವುದಿಲ್ಲ. ಭತ್ತಕ್ಕೆ ಔಷಧಿ ಹೊಡೆದರೆ ಮನೆಗಳವರು ಜಗಳಕ್ಕೆ ಬರುತ್ತಾರೆ.

ಮಣ್ಣೂ ಸುಮ್ಮನಿರುವುದಿಲ್ಲ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಂಥ ಕಡೆ ಪಾಯ ಆಳಕ್ಕೆ ಹೋಗಬೇಕು, ಗಟ್ಟಿ ನೆಲ ಸಿಗುವವರೆಗೆ ಅಗೆದು ಗರಸು ತುಂಬಬೇಕು. ದುಡ್ಡು ಉಳಿಸಲು ಹೋದವರ ಗೋಡೆ ಎರಡನೇ ಬೇಸಿಗೆಯಲ್ಲಿ ಮೂಲೆಯಿಂದ ಮೂಲೆಗೆ ಸೀಳಿರುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ಇಲ್ಲಿಗೆ ಬಂದವರು ದಿನಾ ಎಲ್ಲಿಗೆ ಹೋಗುತ್ತಾರೆ? ಬೆಳಗ್ಗೆ ಏಳರಿಂದ ಹತ್ತರವರೆಗೆ ನಮ್ಮ ಕಮಾನಿನ ಹತ್ತಿರ ನಿಂತರೆ ಗೊತ್ತಾಗುತ್ತದೆ. ಊರೊಳಗೆ ಹೋಗುವವರು ಇದ್ದೇ ಇದ್ದಾರೆ: ಕಾಲೇಜು, ಆಸ್ಪತ್ರೆ, ಬಟ್ಟೆ ಅಂಗಡಿ, ಎಪಿಎಂಸಿ. ಹರಿಹರದ ಕಡೆ ಹೋಗುವವರೂ ಇದ್ದಾರೆ. ಅಲ್ಲಿ 1941ರಲ್ಲಿ ಶುರುವಾದ, ಲೇತ್ ಯಂತ್ರ ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಕಾಲದಲ್ಲಿ ಈ ಓಡಾಟ ಜೋರಾಗಿತ್ತು. ಆ ಕಾರ್ಖಾನೆ ಬಾಗಿಲು ಹಾಕಿತು. ಹೊಳೆ ದಾಟಿದರೆ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆ ಈಗಲೂ ಇದೆ. 2009ರಲ್ಲಿ ಆದ ದಾವಣಗೆರೆ ವಿಶ್ವವಿದ್ಯಾಲಯ ತೋಳಹುಣಸೆಯಲ್ಲಿದೆ, ಅಲ್ಲಿಗೂ ಬಸ್ಸು ತುಂಬಿ ಹೋಗುತ್ತದೆ. ಆದರೆ ನನಗೆ ತುಂಬಾ ಇಷ್ಟವಾಗುವುದು ಇನ್ನೊಂದು ಗುಂಪು. ಇವರು ಊರಿಗೆ ಬೆನ್ನು ಹಾಕಿ ಹೋಗುವವರು. ಬೈಕಿನ ಹಿಂದೆ ಗೊಬ್ಬರದ ಚೀಲ, ಹ್ಯಾಂಡಲ್‌ಗೆ ಬುತ್ತಿ. ಮನೆ ದಾವಣಗೆರೆಯಲ್ಲಿ, ಗದ್ದೆ ಇಪ್ಪತ್ತು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ. ಮಕ್ಕಳು ಸ್ಕೂಲ್ ವ್ಯಾನ್ ಹತ್ತಿದ ಮೇಲೆ ಅಪ್ಪ ನೀರು ಕಟ್ಟಲು ಹೋಗುತ್ತಾನೆ, ಕತ್ತಲಾದ ಮೇಲೆ ವಾಪಸು. ಹೊರವಲಯ ಅಂದರೆ ನೌಕರರು ಪೇಟೆಗೆ ಹೋಗುವ ಜಾಗ ಅಂತಷ್ಟೇ ತಿಳಿದವರು ಇವರನ್ನು ಯಾವ ಪಟ್ಟಿಗೆ ಸೇರಿಸುತ್ತಾರೋ ಗೊತ್ತಿಲ್ಲ.

ನಮ್ಮ ಬಡಾವಣೆಯಲ್ಲಿ ಈಗ ಅರವತ್ತು ಮನೆ ಇರಬಹುದು. ಹಾಲಿನವನು ಬರುತ್ತಾನೆ, ಮೂಲೆಯಲ್ಲಿ ಬೆಣ್ಣೆ ದೋಸೆ ಹೋಟೆಲ್ ಆಗಿದೆ. ಆದರೆ ಜೋರು ಮಳೆ ಬಂದರೆ ನಮ್ಮ ಮನೆ ಮುಂದೆ ಮಾತ್ರ ಮೊಣಕಾಲುದ್ದ ನೀರು. ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿದೆ. ಚರಂಡಿ ಲೆವೆಲ್ ಸರಿಯಾಗಿದೆ ಅಂದರು.

ಹೋದ ವರ್ಷ ಒಂದು ಸಂಜೆ, ಈ ಜಮೀನಿನ ಹಳೇ ಮಾಲೀಕರಾದ ಅಜ್ಜ ಬಂದಿದ್ದರು. ತಮ್ಮ ಪಾಲಿಗೆ ಉಳಿಸಿಕೊಂಡ ಎರಡು ಸೈಟಿನ ಮುಳ್ಳು ಕಡಿಸಲು. ನಮ್ಮ ಜಗಲಿಯಲ್ಲಿ ಕೂತು ಚಹಾ ಕುಡಿದರು. ನೀರು ನಿಲ್ಲುವ ವಿಷಯ ಹೇಳಿದೆ. ಅವರು ರಸ್ತೆಯನ್ನು ಆ ಕಡೆ, ಈ ಕಡೆ ನೋಡಿದರು. ಬೇವಿನ ಮರ ಎಲ್ಲಿತ್ತು ಅಂತ ಲೆಕ್ಕ ಹಾಕಿದರು.

"ನಿಮ್ಮನಿ ಕೆಳಗಿನ ಮಡ್ಯಾಗ ಬರ್ತತಿ ನೋಡ್ರಿ," ಅಂದರು. "ಮ್ಯಾಲಿನ ನೀರೆಲ್ಲ ಬಂದು ಇಲ್ಲೇ ನಿಲ್ತಿತ್ತು. ಅದ್ಕೇ ಭತ್ತ ಇಲ್ಲಿ ಭಾಳ ಚೊಲೋ ಬರ್ತಿತ್ತು."